ಅಫರ್ಮೇಟಿವ್ ಆಕ್ಷನ್‌ಗೆ "ಮೀಸಲಾತಿ" ಅಂದ್ರೆ ಸರಿ ಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡಿದ್ದೋಳು, ಇವತ್ತು ಒಂದು ಪದ ಗಂಟಲಲ್ಲಿ ಸಿಕ್ಕಾಕೊಂಡಿದೆ, ಅದಕ್ಕೆ ಬರೀತಿದೀನಿ.

ಮಗಳು ಇಲ್ಲಿ ಹೈಸ್ಕೂಲ್ ಪ್ರಾಜೆಕ್ಟಿಗೆ ಅಂತ ಆರು ನಿಮಿಷದ ವಿಡಿಯೋ ಮಾಡಿದ್ಲು. ಹಾರ್ವರ್ಡ್ ಮತ್ತೆ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ ಅಡ್ಮಿಶನ್ ಬಗ್ಗೆ 2023ರ ಜೂನ್ 29ಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ಕೊಡ್ತಲ್ಲ, ಅಡ್ಮಿಶನ್ನಲ್ಲಿ ರೇಸ್ (ಕಪ್ಪು, ಬಿಳಿ ಅನ್ನೋ ಭೇದ) ನೋಡಂಗಿಲ್ಲ ಅಂತ, ಆ ತೀರ್ಪಿನ ಮೇಲೆ. ತಿಪಟೂರಲ್ಲಿರೋ ನಮ್ಮಪ್ಪಂಗೆ ಮೊಮ್ಮಗಳ ವಿಡಿಯೋ ನೋಡ್ಲೇಬೇಕು, ಅವಳ ಇಂಗ್ಲಿಷ್ ಉಚ್ಚಾರ ಅರ್ಥ ಆಗಲ್ಲ, ಸರಿ ಅಂತ ನಾನು ಕನ್ನಡ ಸಬ್‌ಟೈಟಲ್ ಹಾಕೋಕೆ ಕೂತೆ. ಅಫರ್ಮೇಟಿವ್ ಆಕ್ಷನ್ (ಹಿಂದೆ ಉಳಿದ ಗುಂಪಿನೋರಿಗೆ ಅಡ್ಮಿಶನ್, ಕೆಲಸದಲ್ಲಿ ನೆರವಾಗೋ ನೀತಿ) ಅಂತ ಬಂದಲ್ಲೆಲ್ಲ ಯೋಚ್ನೇನೇ ಮಾಡ್ದೆ "ಮೀಸಲಾತಿ" ಅಂತ ತುಂಬ್ಸಿಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಅಪ್ಪನ ಫೋನು. "ಚೆನ್ನಾಗ್ ಮಾಡವ್ಳೆ ಕಣಮ್ಮ. ಆದ್ರೆ ಮುಖ್ಯವಾದ್ದೇ ಹೇಳ್ಲಿಲ್ವಲ್ಲ, ಅಲ್ಲಿ ಕಪ್ಪು ಜನಕ್ಕೆ ಎಷ್ಟು ಪರ್ಸೆಂಟ್ ಇತ್ತು?"

ಪರ್ಸೆಂಟ್ ಇರ್ಲೇ ಇಲ್ಲ ಅಪ್ಪ ಅಂದೆ. "ಪರ್ಸೆಂಟ್ ಇಲ್ದೆ ಅದೆಂಥ ಮೀಸಲಾತಿನಮ್ಮ" ಅಂದ್ರು. ಅವರು ಕೇಳಿದ್ದು ನೂರಕ್ಕೆ ನೂರು ಸರಿ, ತಪ್ಪು ನನ್ನ ಸಬ್‌ಟೈಟಲ್‌ದು.

ಮೀಸಲು ಅಂದ್ರೆ ಎತ್ತಿಟ್ಟಿದ್ದು, ಬೇರೆಯವ್ರು ಕೈ ಹಾಕ್ಬಾರದ್ದು. ನಮ್ಮಜ್ಜಿ ಹಸು ಕರು ಹಾಕಿದ ಮೇಲೆ ಮೊದಲು ಕಡೆದ ಬೆಣ್ಣೇನ ಒಂದು ಕುಡಿಕೇಲಿ ದೇವರಿಗೆ ಅಂತ ನೆಲುವಿನ ಮೇಲೆ ಇಡೋರು, ನಾವು ಹುಡುಗ್ರು ಬೆರಳದ್ದಿದ್ರೆ "ಮೀಸಲು ಮುರಿದ್ರಲ್ರೋ" ಅಂತ ಬಯ್ಯೋರು. ನಮ್ಮ ಸೀಟು, ಹುದ್ದೆಗೂ ಅದೇ ಅರ್ಥ ಚೆನ್ನಾಗಿ ಕೂತಿದೆ, ಇಷ್ಟು ಸೀಟು ಇವರಿಗೆ ಅಂತ ಎತ್ತಿಡೋದು, ಜಗಳ ಏನಿದ್ರೂ ಎಷ್ಟು ಅನ್ನೋದ್ರ ಮೇಲೆ. ಆಗಿನ ಮೈಸೂರು ಸರ್ಕಾರ 1962ರಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಸೀಟಲ್ಲಿ 68 ಪರ್ಸೆಂಟ್ ಮೀಸಲಿಟ್ಟು, ಬಾಲಾಜಿ ಕೇಸಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿ 50ರ ಒಳಗಿರಲಿ ಅಂದಿದ್ದು ಅಪ್ಪನ ಕಾಲದ ಮಾತೇ, ಅವರ ಬಾಯಲ್ಲಿ ಮೊದಲು ಪರ್ಸೆಂಟ್ ಬರೋದ್ರಲ್ಲಿ ಆಶ್ಚರ್ಯ ಏನಿಲ್ಲ.

ಅಮೆರಿಕದಲ್ಲಿ ನೋಡಿದ್ರೆ ಹಿಂಗೆ ಎತ್ತಿಡೋದೇ ಮೊದಲು ಬಿದ್ದುಹೋಗಿದ್ದು. ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಸ್ಕೂಲು 100 ಸೀಟಲ್ಲಿ 16ನ್ನ ಅಲ್ಪಸಂಖ್ಯಾತ ಹುಡುಗ್ರಿಗೆ ಅಂತ ಬೇರೆ ಇಟ್ಟಿತ್ತು. 1978ರ ಬಾಕಿ (Bakke, ಕೇಸು ಹಾಕಿದೋನ ಹೆಸರು) ಕೇಸಲ್ಲಿ ಕೋರ್ಟು ಅದು ಆಗಲ್ಲ, ಆದ್ರೆ ಹುಡುಗನ ಬಗ್ಗೆ ನೋಡೋ ಹತ್ತು ವಿಷಯದಲ್ಲಿ ರೇಸ್ ಕೂಡ ಒಂದಾಗಬಹುದು ಅಂತು. 2003ರಲ್ಲಿ ಮಿಶಿಗನ್ ಯೂನಿವರ್ಸಿಟಿ ಕೆಲವು ಗುಂಪಿನೋರಿಗೆ ಅಂತ ತಾನಾಗೇ 20 ಪಾಯಿಂಟ್ ಸೇರಿಸ್ತಿದ್ದಿದ್ದೂ ಬಿತ್ತು, ಅದೇ ದಿನ ಅದೇ ಯೂನಿವರ್ಸಿಟಿಯ ಲಾ ಸ್ಕೂಲು ಒಬ್ಬೊಬ್ಬರ ಅರ್ಜಿ ಓದಿ ತೂಗಿ ನೋಡ್ತಿದ್ದಿದ್ದು ಉಳೀತು. 2023ರಲ್ಲಿ ಹೋಗಿದ್ದು ಈ ಉಳ್ಕೊಂಡಿದ್ದು. ಅಂದ್ರೆ 45 ವರ್ಷ ಅಲ್ಲಿದ್ದಿದ್ದು ಮೀಸಲಾತಿ ಅಲ್ಲ ಅನ್ನೋದೇ ಅದರ ರಕ್ಷಣೆ! "ಅಮೆರಿಕದಲ್ಲಿ ಮೀಸಲಾತಿ ರದ್ದು" ಅಂತ ಬರೆದ್ರೆ ಇಡೀ ವಾದಾನೇ ತಲೆಕೆಳಗಾಗುತ್ತೆ.

ಇನ್ನು ಇಂಗ್ಲಿಷ್ ಪದ ಕೂಡ ಸುಮ್ನೆ ಇರೋದಲ್ಲ. 1961ರಲ್ಲಿ ಕೆನಡಿ ಹೊರಡಿಸಿದ ಆದೇಶದಲ್ಲಿ ಈ ಮಾತು ಬಂದಾಗ ಅರ್ಥ, ಸರ್ಕಾರದ ಕಂಟ್ರಾಕ್ಟ್ ಹಿಡಿಯೋರು ರೇಸು, ಬಣ್ಣ ನೋಡದೆ ಕೆಲಸ ಕೊಡೋ ಹಂಗೆ ಮುಂದೆ ನಿಂತು ಕ್ರಮ ತಗೋಬೇಕು ಅಂತ. ನೋಡದೆ! ಆಮೇಲಾಮೇಲೆ ಅದು "ನೋಡಿ" ಅನ್ನೋ ಅರ್ಥಕ್ಕೆ ಹೊರಳ್ತು. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನ ನಿಲ್ಲಿಸೋಕೆ ಜನಮತಕ್ಕೆ ಹಾಕಿದ 209ನೇ ಪ್ರಸ್ತಾಪದ ಪಠ್ಯದಲ್ಲಿ ಅಫರ್ಮೇಟಿವ್ ಆಕ್ಷನ್ ಅನ್ನೋ ಪದಾನೇ ಇರ್ಲಿಲ್ಲ, ಪ್ರಿಫರೆನ್ಷಿಯಲ್ ಟ್ರೀಟ್‌ಮೆಂಟ್ ಅಂತಿತ್ತು. ಹಂಗಾಗಿ ನಾನು "ಆದ್ಯತೆ" ಅಂತ ಹಾಕಿದ್ರೆ, ಕನ್ನಡದಲ್ಲಿ ಪಾಪದ ಪದ, ಅಲ್ಲಿ ಮಾತ್ರ ಒಂದು ಪಕ್ಷದ ಪದ ಆಗೋಗುತ್ತೆ.

ಇದ್ರ ಜೊತೆಗೆ ಇನ್ನೆರಡು ತೊಡಕು. ರೇಸ್‌ಗೆ ಪೇಪರಿನೋರು "ಜನಾಂಗ" ಅಂತಾರೆ, ನಮ್ಮ ಕಡೆ "ಯಾವ ಜನಾಂಗ ನೀವು" ಅಂದ್ರೆ ಜಾತಿ ಕೇಳಿದ್ದು ಅಂತಾನೇ ಅರ್ಥ, ಅಪ್ಪ ಓದಿದ್ದೂ ಹಂಗೇ. ಕಲರ್ ಬ್ಲೈಂಡ್ ಅನ್ನೋದಂತೂ ಇನ್ನೂ ಕಷ್ಟ. 1896ರ ಪ್ಲೆಸಿ ಕೇಸಲ್ಲಿ ಬಿಳಿಯರಿಗೊಂದು ಕರಿಯರಿಗೊಂದು ರೈಲು ಬೋಗಿ ಇದ್ರೆ ತಪ್ಪಿಲ್ಲ ಅಂತ ಉಳಿದ ಜಡ್ಜುಗಳೆಲ್ಲ ಅಂದಾಗ ಹಾರ್ಲನ್ ಒಬ್ಬರೇ ಒಪ್ಪದೆ, ನಮ್ಮ ಸಂವಿಧಾನ ಕಲರ್ ಬ್ಲೈಂಡು ಅಂತ ಬರೆದ್ರು. ಅವರ ಬಾಯಲ್ಲಿ ಅದು ಹೊಗಳಿಕೆ. ನಾನು "ಬಣ್ಣಗುರುಡು" ಅಂತ ಹಾಕಿದ್ರೆ ಸಂವಿಧಾನಕ್ಕೆ ಕಣ್ಣಿನ ಡಾಕ್ಟ್ರ ಹತ್ರ ಚೀಟಿ ಬರೆಸ್ಬೇಕು ಅನ್ನೋ ಹಂಗಿರುತ್ತೆ, "ವರ್ಣಾಂಧ" ಅಂದ್ರೆ ವರ್ಣದ ಒಳಗೆ ಚಾತುರ್ವರ್ಣ ಬಂದು ಕೂರುತ್ತೆ. ಸದ್ಯಕ್ಕೆ "ಬಣ್ಣ ನೋಡಲ್ಲ" ಅಂತ ಹಾಕಿದೀನಿ, ಹಾರ್ಲನ್ ಗತ್ತು ಹೋಯ್ತು, ಅರ್ಥ ಉಳೀತು.

ಸುಲಭವಾಗಿ ಬಂದಿದ್ದು ಒಂದೇ, ಈಕ್ವಲ್ ಪ್ರೊಟೆಕ್ಷನ್ ಆಫ್ ದಿ ಲಾಸ್. 1868ರ ಅವರ 14ನೇ ತಿದ್ದುಪಡಿಯ ಮಾತು ನಮ್ಮ ಸಂವಿಧಾನದ 14ನೇ ವಿಧಿಗೇ ಬಂದಿದೆ (ನಂಬರ್ ಒಂದೇ ಆಗಿದ್ದು ಕಾಕತಾಳೀಯ), ಕಾನೂನುಗಳ ಸಮಾನ ರಕ್ಷಣೆ ಅಂದ್ರೆ ಅಪ್ಪಂಗೆ ತಕ್ಷಣ ಗೊತ್ತಾಯ್ತು. ಆದ್ರೆ ನಮ್ಮಲ್ಲಿ 1951ರಲ್ಲಿ 15(4) ಸೇರಿಸಿ ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಬಹುದು ಅಂತ ಬಾಯ್ಬಿಟ್ಟು ಹೇಳಿದಾರೆ, ಅಲ್ಲಿ ಅಂಥ ಸಾಲಿಲ್ಲ. ಹಂಗಾಗಿ 2023ರಲ್ಲಿ ಎರಡೂ ಕಡೆಯವ್ರು ಅದೇ ಒಂದು ವಾಕ್ಯ ಹಿಡ್ಕೊಂಡು ಎಳೆದಾಡಿದ್ರು, ಸಮಾನ ಅಂದ್ರೆ ಬಣ್ಣ ಎಣಿಸ್ಲೇಬಾರ್ದು ಅಂತ ಕೇಸು ಹಾಕಿದೋರು, ಎಣಿಸ್ದೆ ಸಮಾನ ಆಗಲ್ಲ ಅಂತ ಯೂನಿವರ್ಸಿಟಿ ಕಡೆಯವ್ರು.

ಈಗ ಪ್ರಶ್ನೆ. "ಸಕಾರಾತ್ಮಕ ಕ್ರಮ" ಅಂತ ಬಳಕೇಲಿದೆ, ನಂಗದು ವ್ಯಕ್ತಿತ್ವ ವಿಕಸನ ಶಿಬಿರದ ಬೋರ್ಡ್ ಥರ ಕೇಳ್ಸುತ್ತೆ, ಅಪ್ಪಂಗೆ ಏನೂ ಹೊಳೀಲಿಲ್ಲ. "ವಿಶೇಷ ಅವಕಾಶ" ಪರವಾಗಿಲ್ಲ, ಆದ್ರೆ ಯಾರಿಗೋ ಬಾಗಿಲು ಹಿಂದಿಂದ ಕೊಟ್ಟಂಗಿದೆ. ನಂಗೆ ಹಿಡಿಸಿದ್ದು "ಒತ್ತಾಸೆ". ಅಡ್ಮಿಶನ್ನಲ್ಲಿ ಒತ್ತಾಸೆ, ಒತ್ತಾಸೆ ನೀತಿ ಅಂತ. ಸೀಟು ಎತ್ತಿಟ್ಟಿಲ್ಲ, ಆದ್ರೆ ಬೆನ್ನಿಗೆ ಕೈ ಕೊಟ್ಟಿದಾರೆ, ಅಷ್ಟು ಬರುತ್ತೆ. ಅಪ್ಪಂಗೆ ಹೇಳಿ ನೋಡ್ದೆ. "ಒತ್ತಾಸೆ ಅಂದ್ರೆ ಎಮ್ಮೆಲ್ಲೆ ಹಿಂದೆ ನಿಂತವ್ನೆ ಅಂತಲ್ವಾ" ಅಂದ್ರು. ತುಮಕೂರು ಕಡೆ ಹಂಗೂ ಅಂತಾರೆ, ಒಪ್ಕೋಬೇಕು. ಧಾರವಾಡ, ಕಲಬುರಗಿ, ಮಂಗ್ಳೂರು ಕಡೆಯವ್ರಿಗೆ ಈ ಪದ ಹೆಂಗೆ ಕೇಳ್ಸುತ್ತೆ, ಶಿಫಾರಸಿನ ವಾಸನೆ ಬರುತ್ತಾ? ಇದಕ್ಕಿಂತ ಚಿಕ್ಕದು, ಎರಡೂ ಪಕ್ಷಕ್ಕೆ ಸೇರದ್ದು ಇದ್ರೆ ತಿಳಿಸಿ. ಒಂದು ಸಾಲಿಗೆ 35 ಅಕ್ಷರ ದಾಟಂಗಿಲ್ಲ.