ವಿಝರ್ಡ್ ಮಂತ್ರ ಬರೆದುಕೊಳ್ಳುವ ಖರ್ಚನ್ನು ಹೇಗೆ ತೂಗಿಸಿದಿರಿ? ಅನುಭವ ತಿಳಿಸಿ

ಮಡಿಕೇರಿಯಿಂದ

ನಮ್ಮ ಗುಂಪು ದಾಳ ಹಾಕಿ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯನ್ನು 2014ರ ನಿಯಮದಂತೆ ಆಡುತ್ತಿದೆ. ನನ್ನ ಪಾತ್ರ ಪುಸ್ತಕದಿಂದ ಮಂತ್ರ ಕಲಿಯುವ ವಿಝರ್ಡ್; ಐದನೇ ಹಂತದವನು, ಮನಸ್ಸನ್ನು ವಶಮಾಡುವ ಮಂತ್ರಗಳ ಎನ್‌ಚಾಂಟ್‌ಮೆಂಟ್ ಶಾಖೆಯವನು. ಸತ್ತ ಮಾಂತ್ರಿಕನೊಬ್ಬನ ಮಂತ್ರಪುಸ್ತಕ ಕಳೆದ ವಾರ ಸಿಕ್ಕಿತು. ಅದರಲ್ಲಿ ಮೂರನೇ ದರ್ಜೆಯ ಟೈನಿ ಹಟ್, ಕೌಂಟರ್‌ಸ್ಪೆಲ್, ಫ್ಲೈ. ಎರಡನೇ ದರ್ಜೆಯ ಮಿಸ್ಟಿ ಸ್ಟೆಪ್, ವೆಬ್. ಮೊದಲ ದರ್ಜೆಯ ಡಿಟೆಕ್ಟ್ ಮ್ಯಾಜಿಕ್, ಐಡೆಂಟಿಫೈ ಇವೆ. ಎಲ್ಲವನ್ನೂ ನನ್ನ ಪುಸ್ತಕಕ್ಕೆ ಬರೆದುಕೊಳ್ಳಲು, ದರ್ಜೆಗೆ 50 ನಾಣ್ಯ, ಎರಡು ಗಂಟೆಯಂತೆ, 750 ಚಿನ್ನದ ನಾಣ್ಯ, 30 ಗಂಟೆ ಬೇಕು. ನನ್ನಲ್ಲಿರುವುದು 340 ನಾಣ್ಯ. ಯಾವುದನ್ನು ಮೊದಲು ಬರೆಯಲಿ?

ವಿರಾಜಪೇಟೆಯಿಂದ

ಯಾವುದನ್ನು ಬರೆಯಬೇಕೆಂದು ಎಲ್ಲರೂ ಕೇಳುತ್ತಾರೆ; ಬರೆದದ್ದು ಕಳೆದುಹೋದರೆ ಏನು ಗತಿ ಎಂದು ಯಾರೂ ಕೇಳುವುದಿಲ್ಲ. ಕಕ್ಕಡ ತಿಂಗಳಿನ ಮಳೆಯಲ್ಲಿ ಕರೆಂಟ್ ಹೋಗಿ, ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ ನಾವು ಆಡಿದ ಆ ರಾತ್ರಿಯನ್ನು ನಾನು ಮರೆಯಲಾರೆ. ನನ್ನ ಏಳನೇ ಹಂತದ ವಿಝರ್ಡ್ ನೆಲದಡಿಯ ಹೊಳೆಯಲ್ಲಿ ಕೊಚ್ಚಿಹೋದ. ಅವನನ್ನು ಗೆಳೆಯರು ಎಳೆದುಕೊಂಡರು, ಚೀಲವನ್ನು ಹೊಳೆ ಕೊಂಡೊಯ್ದಿತು. ಪುಸ್ತಕದಲ್ಲಿ 27 ಮಂತ್ರಗಳಿದ್ದವು. ಆರಂಭದಲ್ಲೂ ಹಂತ ಏರಿದಾಗಲೂ ಪುಕ್ಕಟೆಯಾಗಿ ಬಂದವು 18, ಹಣ ಕೊಟ್ಟು ಬರೆದವು 9. ಆ ದಿನದ ಬಳಕೆಗೆಂದು ಪುಸ್ತಕ ನೋಡಿ ಸಿದ್ಧಪಡಿಸಿಕೊಂಡಿದ್ದ 11 ಮಾತ್ರ ತಲೆಯಲ್ಲಿ ಉಳಿದವು. ಹಣ ಕೊಟ್ಟ 9ರಲ್ಲಿ 6 ಹೋದವು. ಅವು ಒಟ್ಟು 14 ದರ್ಜೆ, ಅಂದರೆ 700 ನಾಣ್ಯ.

ಸ್ವಂತ ಮಂತ್ರಗಳನ್ನು ಇನ್ನೊಂದು ಪುಸ್ತಕಕ್ಕೆ ನಕಲು ಮಾಡಲು ದರ್ಜೆಗೆ 10 ನಾಣ್ಯ, ಒಂದು ಗಂಟೆ ಸಾಕು. ನನ್ನ 57 ದರ್ಜೆಗೆ 570, ಖಾಲಿ ಪುಸ್ತಕಕ್ಕೆ 50. ಆ 620 ನಾಣ್ಯ ನನ್ನ ಬಳಿ ಇತ್ತು. ಅದನ್ನು ಒಂದು ಹೊಸ ಮಂತ್ರದ ಆಸೆಗೆ ಉಳಿಸಿಟ್ಟಿದ್ದೆ. ಆಮೇಲೆ ಉಳಿದ 11ನ್ನು ಹೊಸ ಪುಸ್ತಕಕ್ಕೆ ಇಳಿಸಲು ಅದೇ ಹಣದಿಂದ 320 ತೆತ್ತೆ.

ಗೋಣಿಕೊಪ್ಪಲಿನಿಂದ

ವಿರಾಜಪೇಟೆಯ ಅಣ್ಣನವರು ಹೇಳಿದ್ದು ನಿಜ. ಆದರೆ ಅಷ್ಟು ನಷ್ಟವಾದದ್ದು ಮೊದಲೇ ಪೂರ್ತಿ ದರ ಕೊಟ್ಟದ್ದರಿಂದ. ನಾನು ಎರಡನೇ ಹಂತದಲ್ಲಿ ರಕ್ಷಣೆಯ ಮಂತ್ರಗಳ ಅಬ್ಜುರೇಶನ್ ಶಾಖೆಯನ್ನು ಆರಿಸಿಕೊಂಡಾಗ ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು, ಬೆಂಕಿ ಎಸೆಯುವ ಇವೊಕೇಶನ್ ಬಿಟ್ಟು ಇದೇಕೆ ಎಂದರು. ಶಾಖೆಯನ್ನು ಆರಿಸಿಕೊಂಡವನಿಗೆ ಆ ಶಾಖೆಯ ಮಂತ್ರಗಳನ್ನು ಬರೆದುಕೊಳ್ಳಲು ಹಣವೂ ಸಮಯವೂ ಅರ್ಧ. ತೋಟದ ಚೆಕ್‌ರೋಲ್ ಬರೆಯುವಂತೆಯೇ ನಾನು ಪ್ರತಿ ನಾಣ್ಯದ ಲೆಕ್ಕವನ್ನು ಬರೆದಿಟ್ಟಿದ್ದೇನೆ: ಒಂಬತ್ತನೇ ಹಂತದವರೆಗೆ 14 ಅಬ್ಜುರೇಶನ್ ಮಂತ್ರಗಳು, ಒಟ್ಟು 38 ದರ್ಜೆ, 1,900ರ ಬದಲು 950. ನಕ್ಕವರ ಜೀವವನ್ನು ಆ ಶಾಖೆಯದೇ ಆದ, ಶತ್ರುವಿನ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಮೂರು ಸಲ ಉಳಿಸಿತು, ಮತ್ತು ಅದನ್ನು ಬರೆಯಲು ನನಗೆ ತಗುಲಿದ್ದು 75.

2024ರ ನಿಯಮದಲ್ಲಿ ಈ ರಿಯಾಯಿತಿಯನ್ನು ತೆಗೆದು, ಶಾಖೆಯ ಕೆಲವು ಮಂತ್ರಗಳನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ. ಲೆಕ್ಕ ಇಟ್ಟು ಉಳಿಸಿದವನಿಗೂ ಇಡದವನಿಗೂ ಅಲ್ಲಿ ಒಂದೇ ಫಲ. ನನಗೆ ಅದು ಒಪ್ಪಿಗೆಯಿಲ್ಲ.

ಮಡಿಕೇರಿಯಿಂದ

ನನ್ನದು ಎನ್‌ಚಾಂಟ್‌ಮೆಂಟ್ ಶಾಖೆ, ಅಣ್ಣ. ಆ ಏಳರಲ್ಲಿ ಒಂದೂ ನನ್ನ ಶಾಖೆಯದಲ್ಲ.

ಸೋಮವಾರಪೇಟೆಯಿಂದ

ನೀವೆಲ್ಲ ದರ್ಜೆಗೆ 50 ಎಂದು ಕೊರಗುತ್ತೀರಿ. ನಾನು 2003ರ 3.5 ಆವೃತ್ತಿಯಲ್ಲಿ ವಿಝರ್ಡ್ ಆಡಿದವನು. ಅಲ್ಲಿ ಪುಟಕ್ಕೆ 100 ನಾಣ್ಯ, ದರ್ಜೆಗೆ ಒಂದು ಪುಟ. ಬೇರೆಯವರ ಪುಸ್ತಕ ನೋಡಲು ದರ್ಜೆಗೆ 50ರಂತೆ ಬಾಡಿಗೆ ಬೇರೆ. ಮೂರನೇ ದರ್ಜೆಯ ಒಂದು ಮಂತ್ರಕ್ಕೆ 450 ಆಯಿತು. ಅಷ್ಟು ಕೊಟ್ಟರೂ ಮಂತ್ರ ಸಿಗುತ್ತದೆಂಬ ಖಾತರಿ ಇರಲಿಲ್ಲ. ಮಂತ್ರವನ್ನು ಅರಿಯುವ ಸ್ಪೆಲ್‌ಕ್ರಾಫ್ಟ್ ಕೌಶಲದ ಪರೀಕ್ಷೆಯಲ್ಲಿ ನನಗೆ ದಾಳ ಸೇರಿ 18 ಬರಬೇಕಿತ್ತು, 17 ಬಂತು. ಮುಂಗಡ ಕೊಟ್ಟ 150 ಮರಳಲಿಲ್ಲ, ಸ್ಪೆಲ್‌ಕ್ರಾಫ್ಟ್ ಒಂದು ಅಂಕ ಏರುವವರೆಗೆ ಆ ಮಂತ್ರವನ್ನು ಮತ್ತೆ ಮುಟ್ಟುವಂತೆಯೂ ಇರಲಿಲ್ಲ. ಕಾಫಿ ಕೊಯ್ಲು ಶುರುವಾಗಿ ಆಟವೇ ಎರಡು ತಿಂಗಳು ನಿಂತಿತು. ಆ ಎರಡು ತಿಂಗಳೂ ಆ 17 ನನ್ನನ್ನು ಕಾಡಿತು.

ಪೊನ್ನಂಪೇಟೆಯಿಂದ

ಈಗಿನ ನಿಯಮದಲ್ಲಿಯೂ ಸುಖವಿಲ್ಲ, ಅಣ್ಣ. ಪುಸ್ತಕದಿಂದ ಬರೆದರೆ ಪರೀಕ್ಷೆಯಿಲ್ಲ, ನಿಜ. ಸ್ಕ್ರೋಲ್‌ನಿಂದ, ಅಂದರೆ ಮಂತ್ರ ಬರೆದ ಸುರುಳಿಯಿಂದ, ಬರೆಯುವಾಗ ಇದೆ. ನಾನು ಹೇಸ್ಟ್ ಮಂತ್ರದ ಸ್ಕ್ರೋಲ್ ಒಂದನ್ನು 400 ನಾಣ್ಯಕ್ಕೆ ಕೊಂಡೆ. ಮಂತ್ರಜ್ಞಾನದ ಪರೀಕ್ಷೆಯಾದ ಆರ್ಕಾನಾದಲ್ಲಿ 13 ಬೇಕಿತ್ತು, ನನಗೆ 7 ಕೂಡುತ್ತಿತ್ತು, ದಾಳದಲ್ಲಿ ಬಂದದ್ದು 4. ಸ್ಕ್ರೋಲ್ ಭಸ್ಮವಾಯಿತು. ಅದಾದ ಮೇಲೆ ಆಟ ನಡೆಸುವ ನಮ್ಮ ಡಿಎಂ, ಬರೆಯುವ ಖರ್ಚಿನ 150 ನಾಣ್ಯವನ್ನೂ ಕಳೆಯಿರಿ ಎಂದರು. ಸ್ಕ್ರೋಲ್ ನಾಶವಾಗುತ್ತದೆ ಎಂದು ನಿಯಮದಲ್ಲಿದೆ. ಶಾಯಿಯ ಹಣವೂ ಹೋಗುತ್ತದೆ ಎಂದು ಎಲ್ಲಿದೆ?

ಗೋಣಿಕೊಪ್ಪಲಿನಿಂದ

ನಿಮ್ಮ ಗುಂಪಿನಲ್ಲಿ ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಇರಲಿಲ್ಲವೇ, ತಂಗಿ? ಅವರ ಗೈಡೆನ್ಸ್ ಮಂತ್ರದ ನೆರವು ಪಡೆದಿದ್ದರೆ ಇನ್ನೊಂದು ನಾಲ್ಕು ಮುಖದ ದಾಳ ಕೂಡುತ್ತಿತ್ತು. ಸಿದ್ಧತೆಯಿಲ್ಲದೆ 400 ನಾಣ್ಯವನ್ನು ದಾಳದ ಮೇಲೆ ಇಟ್ಟದ್ದು ತಪ್ಪು.

ಪೊನ್ನಂಪೇಟೆಯಿಂದ

ಗೈಡೆನ್ಸ್ ಉಳಿಯುವುದು ಒಂದು ನಿಮಿಷ, ಮೂರನೇ ದರ್ಜೆಯ ಮಂತ್ರ ಬರೆಯಲು ಬೇಕಾದದ್ದು ಆರು ಗಂಟೆ. ಕ್ಲೆರಿಕ್ ಇದ್ದರು, ನಾನು ಕೇಳಿಯೂ ಇದ್ದೆ, ಡಿಎಂ ಒಪ್ಪಲಿಲ್ಲ. ನನ್ನ ಸಿದ್ಧತೆಯ ಬಗ್ಗೆ ಮಾತನಾಡುವ ಮೊದಲು ಒಂದು ಮಾತು ಕೇಳಬಹುದಿತ್ತು.

ಕುಶಾಲನಗರದಿಂದ

ಆರು ಗಂಟೆಯನ್ನು ಆರು ನಿಮಿಷ ಮಾಡುವ ದಾರಿ ಇದೆ. 2020ರಲ್ಲಿ ಬಂದ ಆರ್ಡರ್ ಆಫ್ ಸ್ಕ್ರೈಬ್ಸ್ ಶಾಖೆಯ ವಿಝರ್ಡ್‌ಗೆ ಮಾಂತ್ರಿಕ ಲೇಖನಿ ದೊರೆಯುತ್ತದೆ, ಅದರಲ್ಲಿ ಬರೆದರೆ ದರ್ಜೆಗೆ 2 ನಿಮಿಷ. ಶತ್ರುವಿನ ಗ್ರಂಥಾಲಯದಲ್ಲಿ ನಮಗೆ ಸಿಕ್ಕ ಅರ್ಧ ಗಂಟೆಯಲ್ಲಿ ನಾನು 11 ದರ್ಜೆಯ ಮಂತ್ರಗಳನ್ನು 22 ನಿಮಿಷಕ್ಕೆ ಬರೆದು ಮುಗಿಸಿದೆ. ಆ ಲೇಖನಿಗೆ ಶಾಯಿಯೇ ಬೇಡ, ಆದ್ದರಿಂದ ಒಂದು ನಾಣ್ಯವೂ ಖರ್ಚಾಗಲಿಲ್ಲ.

ಗೋಣಿಕೊಪ್ಪಲಿನಿಂದ

ಇದನ್ನು ನಾನು ಒಪ್ಪಲಾರೆ. ಆ 50 ನಾಣ್ಯ ಬರೀ ಶಾಯಿಯ ಬೆಲೆಯಲ್ಲ. ಮಂತ್ರವನ್ನು ಪ್ರಯೋಗ ಮಾಡಿ ಕೈವಶ ಮಾಡಿಕೊಳ್ಳುವಾಗ ಮುಗಿಯುವ ಸಾಮಗ್ರಿಯ ಬೆಲೆಯೂ ಅದರಲ್ಲಿ ಸೇರಿದೆ ಎಂದು ನಿಯಮದಲ್ಲೇ ಬರೆದಿದೆ. ನಿಮ್ಮ ಶಾಖೆ ಸಮಯವನ್ನು ಉಳಿಸುತ್ತದೆ, ಹಣವನ್ನಲ್ಲ. 550 ನಾಣ್ಯ ಕೊಡದೆ ಬರೆದುಕೊಂಡಿದ್ದೀರಿ.

ಕುಶಾಲನಗರದಿಂದ

ನಮ್ಮ ಡಿಎಂ ಲೆಕ್ಕ ಹಾಕಿಯೇ ಒಪ್ಪಿದ್ದಾರೆ. ನಮ್ಮ ಮೇಜಿನ ಚೆಕ್‌ರೋಲ್ ಬರೆಯಲು ನಿಮ್ಮನ್ನು ಯಾರೂ ಕರೆದಿಲ್ಲ. ಕದ್ದವನೆಂಬ ಅರ್ಥ ಬರುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಸೋಮವಾರಪೇಟೆಯಿಂದ

ಇಬ್ಬರೂ ಸ್ವಲ್ಪ ತಾಳ್ಮೆಯಿಂದಿರಿ. ಗೋಣಿಕೊಪ್ಪಲಿನವರು ನಿಯಮ ಓದಿದ್ದು ಸರಿ, ಅದನ್ನು ಹೇಳಿದ ರೀತಿ ಸರಿಯಿಲ್ಲ. ಮಡಿಕೇರಿಯ ತಮ್ಮನಿಗೆ ಯಾರೂ ಉತ್ತರ ಕೊಟ್ಟಿಲ್ಲ. ಟೈನಿ ಹಟ್ ಮತ್ತು ಡಿಟೆಕ್ಟ್ ಮ್ಯಾಜಿಕ್ ಎರಡೂ ರಿಚುಯಲ್‌ಗಳು. ಸಿದ್ಧಪಡಿಸಿಕೊಳ್ಳದೆ ಪುಸ್ತಕ ನೋಡಿಯೇ ಪ್ರಯೋಗಿಸಬಹುದು. ಬರೆದ ದಿನದಿಂದಲೇ ದುಡಿಯುವ ಮಂತ್ರಗಳು ಅವು. ಐಡೆಂಟಿಫೈ ಕೂಡ ರಿಚುಯಲ್, ಆದರೆ ಅದಕ್ಕೆ 100 ನಾಣ್ಯದ ಮುತ್ತು ಬೇಕು.

ಮಡಿಕೇರಿಯಿಂದ

ನಿನ್ನೆ ರಾತ್ರಿ ಆ ಎರಡನ್ನೂ ಬರೆದೆ. 200 ನಾಣ್ಯ, ಎಂಟು ಗಂಟೆ. 140 ಉಳಿದಿದೆ. ಆದರೆ ವಿರಾಜಪೇಟೆಯ ಅಣ್ಣನ ಹೊಳೆಯ ಕಥೆ ಮನಸ್ಸಿನಿಂದ ಹೋಗುತ್ತಿಲ್ಲ. ನನ್ನ ಪುಸ್ತಕದಲ್ಲಿ ಈಗ 26 ದರ್ಜೆಯ ಮಂತ್ರಗಳಿವೆ, ಪೂರ್ತಿ ನಕಲಿಗೆ 310 ಬೇಕು.

ವಿರಾಜಪೇಟೆಯಿಂದ

ಪೂರ್ತಿ ನಕಲಿಗೆ ಕಾಯಬೇಡಿ. ನಾನು ಕಾದೇ ಕೆಟ್ಟೆ. 50 ಕೊಟ್ಟು ಖಾಲಿ ಪುಸ್ತಕ ಕೊಳ್ಳಿ, ಉಳಿದ 90ರಲ್ಲಿ ಒಂಬತ್ತು ದರ್ಜೆ ಬರೆಯಿರಿ. ದಿನವೂ ಸಿದ್ಧಪಡಿಸಿಕೊಳ್ಳುವ ಮಂತ್ರಗಳು ಹೇಗೂ ತಲೆಯಲ್ಲಿರುತ್ತವೆ. ಟೈನಿ ಹಟ್‌ನಂಥ ರಿಚುಯಲ್‌ಗಳು ಪುಸ್ತಕದಲ್ಲಿ ಮಾತ್ರ ಇರುತ್ತವೆ, ಮೊದಲು ಅವನ್ನು ಬರೆಯಿರಿ. ಆ ಎರಡನೇ ಪುಸ್ತಕವನ್ನು ನಿಮ್ಮ ಚೀಲದಲ್ಲಿ ಇಡಬೇಡಿ, ಕ್ಲೆರಿಕ್ ಕೈಗೆ ಕೊಡಿ.