ಎಗ್ ಕ್ವಾಲಿಟಿಗೆ ಅಂತ ಇಷ್ಟೊಂದು ಡಬ್ಬಿ ಸೇರಿವೆ, ಯಾವುದನ್ನು ಇಟ್ಟುಕೊಳ್ಳಲಿ?

ಸಂಜೆಮಲ್ಲಿಗೆ:
ನನಗೆ 37. ರಕ್ತದಲ್ಲಿ ಎಎಂಎಚ್ ಹಾರ್ಮೋನು ಕಡಿಮೆ ಇದೆ. ಕಳೆದ ಸಲ ಐವಿಎಫ್‌ನಲ್ಲಿ ಸಿಕ್ಕಿದ್ದೇ ಬೆರಳೆಣಿಕೆಯಷ್ಟು ಅಂಡಾಣು. ಅದರಲ್ಲೂ ಅರ್ಧ ಬಲಿತಿರಲಿಲ್ಲ. ಉಳಿದವುಗಳ ಭ್ರೂಣ ಐದನೇ ದಿನದವರೆಗೆ ಬೆಳೆಯಲೇ ಇಲ್ಲ. ಡಾಕ್ಟರ್ ‘ಎಗ್ ಕ್ವಾಲಿಟಿ ಸಾಲದು’ ಅಂದು ಕೋ-ಕ್ಯೂ 10 ಬರೆದುಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಇಲ್ಲಿ ಕೇಳುತ್ತಿರಲಿಲ್ಲ. ವಾರಗಿತ್ತಿ ಡಿಎಚ್‌ಇಎ ತಗೋ ಅಂದಳು, ಅವಳ ಗೆಳತಿಗೆ ಅದರಿಂದಲೇ ಆಯಿತಂತೆ. ಯಾರೋ ಮಯೋ-ಇನೊಸಿಟಾಲ್ ಅಂದರು, ಇನ್ಯಾರೋ ಮೆಲಟೋನಿನ್. ಜೊತೆಗೆ ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್. ಕೂದಲು ಉದುರುತ್ತೆ ಅಂತ ಮೊದಲಿಂದ ತೆಗೆದುಕೊಳ್ಳುತ್ತಿರುವ ‘ಹೇರ್ ಅಂಡ್ ನೇಲ್ಸ್’ ಮಾತ್ರೆ ಬೇರೆ. ಥೈರಾಯ್ಡ್ ಮಾತ್ರೆ ಇದ್ದೇ ಇದೆ. ‘ಇನ್ನು ಮೆಡಿಕಲ್ ಶಾಪ್ ಅಂತ ಬೋರ್ಡ್ ಹಾಕೋದೊಂದು ಬಾಕಿ’ ಅಂತಾರೆ ನಮ್ಮವರು. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ಸಮಸ್ಯೆ) ಇಲ್ಲ. ಮುಂದಿನ ಪಿಕಪ್‌ಗೆ (ಅಂಡಾಣು ಹೊರತೆಗೆಯೋದಕ್ಕೆ) ಎರಡು ತಿಂಗಳ ಮೇಲಿದೆ. ಇವೆಲ್ಲ ನಿಜವಾಗಿ ಕೆಲಸ ಮಾಡುತ್ತವಾ, ಸುಮ್ನೆ ನುಂಗ್ತಿದ್ದೀನಾ?

ಮಳೆಬಿಲ್ಲು:
ನಾನು ಡಾಕ್ಟರ್ ಹೇಳಿದ ಮೇಲೆಯೇ ಡಿಎಚ್‌ಇಎ ತೆಗೆದುಕೊಂಡೆ. ಗಲ್ಲದ ಮೇಲೆಲ್ಲ ಮೊಡವೆ, ತುಟಿ ಮೇಲೆ ಕೂದಲು. ಮುಂದಿನ ಐವಿಎಫ್ ಸೈಕಲ್ ಚೆನ್ನಾಗಿ ಬಂತು, ಆದರೆ ಆ ಸಲ ಇಂಜೆಕ್ಷನ್ ಪ್ರೋಟೋಕಾಲ್ ಕೂಡ ಬದಲಾಯಿಸಿದ್ದರು. ಯಾವುದರಿಂದ ಆಯಿತು ಅಂತ ಹೇಗೆ ಹೇಳೋದು? ನಿಮ್ಮ ವಾರಗಿತ್ತಿಯ ಗೆಳತಿಯ ಕಥೆಯೂ ಹೀಗೇ ಇರಬಹುದು.

ಲ್ಯಾಬಕ್ಕ:
ಐವಿಎಫ್ ಲ್ಯಾಬ್‌ನಲ್ಲಿ ಅಂಡಾಣು, ಭ್ರೂಣ ನೋಡಿಕೊಳ್ಳುವುದು ನನ್ನ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಡೋಸ್ ವಿಷಯಕ್ಕೆ ನಾನು ಕೈ ಹಾಕಲ್ಲ.

ಬಲಿಯದೇ ಇರೋದು ಬೇರೆ, ಕ್ವಾಲಿಟಿ ಬೇರೆ. ಇಕ್ಸಿ, ಅಂದರೆ ಅಂಡಾಣುವಿನೊಳಗೆ ಒಂದೇ ವೀರ್ಯಾಣುವನ್ನು ಇಂಜೆಕ್ಟ್ ಮಾಡುವ ಮುಂಚೆ ಅಂಡಾಣುವಿನ ಸುತ್ತ ಅಂಟಿಕೊಂಡಿರುವ ಜೀವಕೋಶಗಳನ್ನು ತೆಳ್ಳನೆಯ ಪಿಪೆಟ್‌ನಲ್ಲಿ ಎಳೆದು ಬಿಟ್ಟು ಬಿಡಿಸುತ್ತೇವೆ. ಆಗ ಪಕ್ಕದಲ್ಲಿ ಪುಟ್ಟದೊಂದು ಗುಂಡನೆಯ ಪೋಲಾರ್ ಬಾಡಿ ಕಂಡರೆ ಅದು ಬಲಿತ ಅಂಡಾಣು. ಕಾಣದಿದ್ದರೆ ಆ ಹೊತ್ತಿಗೆ ಇಂಜೆಕ್ಟ್ ಮಾಡಲು ಬರಲ್ಲ. ಇದಕ್ಕೆ ಟ್ರಿಗರ್ (ಅಂಡಾಣು ಬಲಿಯಲಿ ಅಂತ ಕೊನೆಗೆ ಕೊಡುವ ಇಂಜೆಕ್ಷನ್) ಕೊಟ್ಟ ಸಮಯ, ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ಚೀಲ) ಗಾತ್ರ ಕಾರಣ ಇರಬಹುದು. ‘ಈ ಸಲ ಟ್ರಿಗರ್ ಬದಲಾಯಿಸುತ್ತೀರಾ?’ ಅಂತ ಡಾಕ್ಟರನ್ನು ಕೇಳಿ. ಯಾವ ಡಬ್ಬಿಗಿಂತಲೂ ಈ ಪ್ರಶ್ನೆ ಮುಖ್ಯ ಅನ್ನುತ್ತೇನೆ.

ಇನ್ನು ಕ್ವಾಲಿಟಿ. ಅದರಲ್ಲಿ ದೊಡ್ಡ ಪಾಲು ಮೈಕ್ರೋಸ್ಕೋಪಿನಲ್ಲಿ ಕಾಣಲ್ಲ. ಕ್ರೋಮೋಸೋಮ್‌ಗಳು ಸರಿಯಾಗಿ ಪಾಲಾದವೋ ಇಲ್ಲವೋ ಅನ್ನೋದರ ಮೇಲಿದೆ. ಆ ಕೆಲಸ ನಾವು ಅಮ್ಮನ ಹೊಟ್ಟೆಯಲ್ಲಿರುವಾಗಲೇ ಶುರುವಾಗಿ ಅರ್ಧಕ್ಕೆ ನಿಂತಿರುತ್ತದೆ. ಮತ್ತೆ ಮುಂದುವರಿಯೋದು ಅಂಡಾಣು ಬಿಡುಗಡೆಯಾಗುವ ಸ್ವಲ್ಪ ಮುಂಚೆ. ಅಷ್ಟು ವರ್ಷ ಕಾದಿದ್ದರ ಸವೆತವನ್ನು ಕ್ಯಾಪ್ಸೂಲ್ ಅಳಿಸಿಬಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಎಂಎಚ್ ಕೂಡ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುತ್ತೆ, ಹೇಗಿವೆ ಅಂತ ಹೇಳಲ್ಲ.

ಕೋ-ಕ್ಯೂ 10 ಮುಂದುವರಿಸಿ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗೆ ಅದು ಬೇಕು. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸೈಕಲ್‌ಗೆ ಮುಂಚೆ 60 ದಿನ ಕೊಟ್ಟಾಗ ಅಂಡಾಣು ಜಾಸ್ತಿ ಸಿಕ್ಕವು, ಭ್ರೂಣಗಳೂ ಚೆನ್ನಾಗಿದ್ದವು. ಆದರೆ ಅವರೆಲ್ಲ 35ರೊಳಗಿನವರು. ಮಗು ಹುಟ್ಟಿದ ಲೆಕ್ಕ ನೋಡಿದರೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಅಂಡಾಣು ಕೊನೆಯ ಹಂತದಲ್ಲಿ ಬೆಳೆಯಲು ಸುಮಾರು ಮೂರು ತಿಂಗಳು ಹಿಡಿಯುತ್ತೆ, ಹಾಗಾಗಿ ಪಿಕಪ್‌ಗೆ ಎರಡು ವಾರ ಇರುವಾಗ ಶುರು ಮಾಡಿದರೆ ಉಪಯೋಗ ಕಡಿಮೆ. ಕೊಬ್ಬಿನಲ್ಲಿ ಕರಗುವಂಥದ್ದು, ಊಟದ ಜೊತೆ ತೆಗೆದುಕೊಳ್ಳಿ.

ಡಿಎಚ್‌ಇಎ ವಿಟಮಿನ್ ಅಲ್ಲ, ಹಾರ್ಮೋನು. ದೇಹ ಅದನ್ನು ಟೆಸ್ಟೋಸ್ಟೆರಾನ್ ಮಾಡಿಕೊಳ್ಳುತ್ತೆ. ಅಂಡಾಣು ಕಡಿಮೆ ಬರುವವರಿಗೂ ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ ಎಷ್ರೆಯ ಮಾರ್ಗಸೂಚಿ ಇದನ್ನು ಶಿಫಾರಸು ಮಾಡಿಲ್ಲ. ವಾರಗಿತ್ತಿ ಹೇಳಿದರು ಅಂತ ಮಾತ್ರ ಖಂಡಿತ ಬೇಡ. ಇನೊಸಿಟಾಲ್ ಹೆಚ್ಚಾಗಿ ಪಿಸಿಒಎಸ್ ಇರುವವರಿಗೆ, ನಿಮಗೆ ಯಾಕೆ? ಮೆಲಟೋನಿನ್, ವಿಟಮಿನ್ ಇ, ಮೀನೆಣ್ಣೆ ಬಗ್ಗೆ ಪಿಕಪ್‌ಗೆ ಮುಂಚೆ ಡಾಕ್ಟರ್‌ಗೆ ತಿಳಿಸಿ.

ನಿಮ್ಮ ಪಟ್ಟಿಯಲ್ಲಿ ನನಗೆ ತಲೆನೋವು ತಂದಿದ್ದು ಕೂದಲಿನ ಮಾತ್ರೆ. ಅದರಲ್ಲಿ ಬಯೋಟಿನ್ ಜಾಸ್ತಿ ಇರುತ್ತೆ. ಎಷ್ಟೋ ಹಾರ್ಮೋನ್ ಟೆಸ್ಟ್‌ಗಳು ಬಯೋಟಿನ್ ಬಳಸಿಯೇ ನಡೆಯುವುದರಿಂದ ರಕ್ತದಲ್ಲಿರುವ ಬಯೋಟಿನ್ ಅಡ್ಡ ಬಂದು ರಿಪೋರ್ಟ್ ಕೆಡಿಸುತ್ತೆ. ಥೈರಾಯ್ಡ್‌ಗೆ ನೋಡುವ ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ, ಈಸ್ಟ್ರೋಜನ್ ಹಾರ್ಮೋನಾದ ಎಸ್ಟ್ರಡಯಾಲ್ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಥೈರಾಯ್ಡ್ ಡೋಸ್ ನಿರ್ಧಾರ ಆಗೋದೇ ಟಿಎಸ್‌ಎಚ್ ನೋಡಿ ಅಲ್ವಾ? ಡಬ್ಬಿಯ ಹಿಂದೆ ಓದಿ, ವಿಟಮಿನ್ ಎ ರೆಟಿನಾಲ್ ರೂಪದಲ್ಲಿ ಎಷ್ಟಿದೆ ಅಂತಲೂ ನೋಡಿ. ಗರ್ಭದಲ್ಲಿ ಅದು ಹೆಚ್ಚಾದರೆ ಮಗುವಿಗೆ ತೊಂದರೆ.

ಫೋಲಿಕ್ ಆಸಿಡ್ ಎಲ್ಲೂ ಬರೆದಿಲ್ಲವಲ್ಲ? ದಿನಕ್ಕೆ 400 ಮೈಕ್ರೋಗ್ರಾಂ, ಸಾಮಾನ್ಯವಾಗಿ ಎಲ್ಲರಿಗೂ ಹೇಳುವುದು. ಎಗ್ ಕ್ವಾಲಿಟಿಗೆ ಅಂತಲ್ಲ, ಮಗುವಿನ ಮೆದುಳು, ಬೆನ್ನುಹುರಿಗೆ. ಗಟ್ಟಿ ಪುರಾವೆ ಇರೋದು ಇದಕ್ಕೇ.

ಅರ್ಧಚಂದ್ರ:
ಗಂಡಸರ ಕಡೆಯಿಂದ ಒಂದು ಮಾತು. ನನಗೂ ಜಿಂಕ್, ಫೋಲಿಕ್ ಆಸಿಡ್ ಕೊಟ್ಟಿದ್ದರು. 2020ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಇವೆರಡರಿಂದ ವೀರ್ಯವೂ ಸುಧಾರಿಸಲಿಲ್ಲ, ಮಗು ಹುಟ್ಟುವ ಪ್ರಮಾಣವೂ ಏರಲಿಲ್ಲ. ಸಿಗರೇಟ್ ಬಿಡಿ ಅಂದರು ಡಾಕ್ಟರ್. ಅದು ಮಾತ್ರೆಗಿಂತ ಕಷ್ಟ, ಆದರೆ ಉಪಯೋಗಕ್ಕೆ ಬರುವಂಥದ್ದು.

ಸಂಜೆಮಲ್ಲಿಗೆ:
ಲ್ಯಾಬಕ್ಕ, ಡಬ್ಬಿ ತಿರುಗಿಸಿ ನೋಡಿದೆ. ಬಯೋಟಿನ್ 10,000 ಮೈಕ್ರೋಗ್ರಾಂ! ಫೋಲಿಕ್ ಆಸಿಡ್ ಅದರಲ್ಲಿ ಇಲ್ಲವೇ ಇಲ್ಲ. ಮುಂದಿನ ವಾರ ಟಿಎಸ್‌ಎಚ್ ಇದೆ. ಇವತ್ತೇ ನಿಲ್ಲಿಸಿದರೆ ಸಾಕಾ? ಡಾಕ್ಟರ್ ಐರನ್ನೂ ಶುರು ಮಾಡಿ ಅಂದಿದ್ದಾರೆ.

ಲ್ಯಾಬಕ್ಕ:
ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು ಅಂತಾರೆ, ನಿಮಗೆ ಒಂದು ವಾರ ಸಿಗುತ್ತೆ. ಆದರೂ ರಕ್ತ ಕೊಡುವಾಗ ಲ್ಯಾಬ್‌ನವರಿಗೆ ಹೇಳಿ. ಹಿಂದಿನ ಟಿಎಸ್‌ಎಚ್ ರಿಪೋರ್ಟ್‌ಗಳೂ ಈ ಮಾತ್ರೆ ನುಂಗುವಾಗಲೇ ಮಾಡಿಸಿದ್ದು ಅಂತ ಡಾಕ್ಟರ್‌ಗೆ ತಿಳಿಸಿ. ಥೈರಾಯ್ಡ್ ಮಾತ್ರೆಗೂ ಐರನ್‌ಗೂ ನಾಲ್ಕು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಕೊಟ್ಟರೆ ಅದಕ್ಕೂ ಇದೇ ಲೆಕ್ಕ. ಡಬ್ಬಿಗಳ ಹಿಂಭಾಗದ ಫೋಟೋ ತೆಗೆದುಕೊಂಡು ಹೋಗಿ, ಹೆಸರು ಬಾಯಲ್ಲಿ ಹೇಳಿದರೆ ಪ್ರಮಾಣ ಗೊತ್ತಾಗಲ್ಲ.