ಸಹಾಯ ಬೇಕು: ಎರೆ ಮಣ್ಣಿನಲ್ಲಿ ಸೈಕಲ್ ಚಕ್ರ ತಿರುಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಹತ್ತಿರ, ಕೆಲಸ ವಿದ್ಯಾನಗರದಲ್ಲಿ. ದಿನಾ ಸೈಕಲ್ ಮೇಲೇ ಓಡಾಟ. ಉಣಕಲ್ ದಾಟಿ ಹೋಗುವ ಡಾಂಬರ್ ರಸ್ತೆಯಲ್ಲಿ ತೊಂದರೆ ಇಲ್ಲ (ಚಿಗರಿ ಬಸ್ಸಿಗೆ ಬೇರೆ ಲೇನ್ ಇದೆ, ನಮಗಿಲ್ಲ, ಆ ಮಾತು ಬಿಡಿ). ತೊಂದರೆ ಇರೋದು ಮನೆಯಿಂದ ಮೇನ್ ರೋಡಿಗೆ ಬರುವ 300 ಮೀಟರ್ ಎರೆ ಮಣ್ಣಿನ ದಾರಿಯಲ್ಲಿ.

ಒಂದು ಮಳೆ ಬಿದ್ದರೆ ಸಾಕು. ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರ ನಿಂತೇ ಬಿಡುತ್ತದೆ. ತಳ್ಳಿದರೂ ತಿರುಗಲ್ಲ. ಕಡ್ಡಿ ಹಾಕಿ ಕೆರೆದು ತೆಗೆದರೆ ಮತ್ತೆ ಹತ್ತು ಹೆಜ್ಜೆ, ಅಷ್ಟೇ. ನಿನ್ನೆ ಹೆಗಲ ಮೇಲೆ ಹೊತ್ತುಕೊಂಡೇ ಬಂದೆ. ಎದುರಿಗೆ ಸಿಕ್ಕ ಅಜ್ಜ, "ಯಾರ ಮ್ಯಾಲೆ ಯಾರ ಸವಾರಿರೀ ಇದು?" ಅಂದರು.

ಮಡ್‌ಗಾರ್ಡ್ ಬಿಚ್ಚಿ ನೋಡಿದೆ. ಚಕ್ರ ತಿರುಗಿತು, ಆದರೆ ಅಂಗಿಯ ಬೆನ್ನ ತುಂಬಾ ಕೆಸರು. ಅಂಗಡಿಯವರು ದಪ್ಪ ಟೈರ್ ಹಾಕಿಸಿ ಅಂತಾರೆ. ಹಾಗೆ ಮಾಡಿದರೆ ಸಂದು ಇನ್ನೂ ಕಡಿಮೆಯಾಗಲ್ವಾ?

ನವಲಗುಂದ, ರೋಣದ ಎರೆ ಭೂಮಿಯಲ್ಲಿ ಸೈಕಲ್ ಹೊಡೆದವರು ಹೇಳಿ: ಸಣ್ಣ ಟೈರ್ ಹಾಕಿಸಲೋ, ಇದೇ ಟೈರ್ ಇಟ್ಟುಕೊಂಡು ಮಡ್‌ಗಾರ್ಡನ್ನು ಸ್ವಲ್ಪ ಮೇಲೆತ್ತಿಸಲೋ?